ಎಲ್ಫ್ ಭಾಷೆ ಪತ್ರಿಕೆಗಳ ಹಳೇ ಸಂಚಿಕೆ ಓದೋದು ಹೇಗೆ: ಪದ ನೋಡೋಕ್ ಮುಂಚೆ ತಾರೀಖು ನೋಡಿ

ಲಾರ್ಡ್ ಆಫ್ ದಿ ರಿಂಗ್ಸ್ ಬರೆದ ಟೋಲ್ಕಿನ್ ತಮ್ಮ ಕತೆಯ ಎಲ್ಫ್ ಅನ್ನೋ ಜನಕ್ಕೆ ಅಂತ ಕಟ್ಟಿದ ಕ್ವೆನ್ಯ ಭಾಷೆ ಕಲೀತೀನಿ ಅಂತ ಹೊರಡೋರು ಹೆಚ್ಚುಕಮ್ಮಿ ಎಲ್ರೂ ಎಡವೋದು ಒಂದೇ ಕಡೆ. ಸಿಕ್ಕಿದ ಪದಪಟ್ಟಿಯಿಂದ ಪದ ಎತ್ಕೋತಾರೆ, ಇನ್ನೆಲ್ಲಿಂದಲೋ ಪ್ರತ್ಯಯ ಎತ್ಕೋತಾರೆ, ಎರಡೂ ಅಂಟಿಸಿ ಒಂದು ವಾಕ್ಯ ಮಾಡ್ತಾರೆ, ಆಮೇಲೆ ಗೊತ್ತಿರೋನು ಯಾರೋ ಬಂದು "ಇದು 1917ರ ಪದ, ಅದು 1968ರ ಪ್ರತ್ಯಯ" ಅಂದ್ಬಿಡ್ತಾನೆ. ನಮ್ಮಲ್ಲಿ ಒಬ್ಬ "ನಾಂ ನಿನ್ನೆ ಮೈಸೂರಿಗೆ ಪೋದೆಂ, ಬಸ್ಸಲ್ಲಿ ಸೀಟೇ ಸಿಗ್ಲಿಲ್ಲ ಗುರೂ" ಅಂದ್ರೆ ಹೇಗಿರುತ್ತೆ? ಒಂದೊಂದು ಪದವೂ ಕನ್ನಡವೇ, ಆದ್ರೆ ಈ ಕನ್ನಡ ಯಾವ ಕಾಲದಲ್ಲೂ ಯಾರ ಬಾಯಲ್ಲೂ ಇರ್ಲಿಲ್ಲ.

ಟೋಲ್ಕಿನ್ ಈ ಭಾಷೇನ ಬದುಕಿಡೀ ತಿದ್ದುತ್ತಲೇ ಇದ್ರು, ಅದಕ್ಕೇ ಈ ಗೊಂದಲ. ಇದರಿಂದ ತಪ್ಪಿಸ್ಕೊಳ್ಳೋಕೆ ಮೂಲ ಎಲ್ಲಿ ಅಚ್ಚಾಯ್ತೋ ಅಲ್ಲಿಗೇ ಹೋಗಿ ಓದ್ಬೇಕು, ಅಂದ್ರೆ ಅಭಿಮಾನಿಗಳೇ ನಡೆಸ್ಕೊಂಡು ಬಂದ ಎರಡು ಪತ್ರಿಕೆ: ಪರ್ಮ ಎಲ್ದಲಂಬೆರೊನ್ ಮತ್ತೆ ವಿನ್ಯರ್ ತೆಂಗ್ವರ್. ಓದೋ ಜನ ಇವನ್ನ ಪಿಇ, ವಿಟಿ ಅಂತ ಚಿಕ್ಕದಾಗಿ ಕರೀತಾರೆ. ಎಲ್ಲಾದ್ರೂ "ವಿಟಿ43:12" ಅಂತ ಕಂಡ್ರೆ 43ನೇ ಸಂಚಿಕೆ, 12ನೇ ಪುಟ ಅಂತ, ಅಷ್ಟೇ, ಹೆದರ್ಕೋಬೇಡಿ.

ಮೊದಲ ಕೆಲಸ ತುಂಬಾ ಸುಲಭ, ಪತ್ರಿಕೆಗಳ ಹೆಸರನ್ನೇ ಬಿಡಿಸಿ. ಪರ್ಮ ಅಂದ್ರೆ ಪುಸ್ತಕ, ಎಲ್ದ ಅಂದ್ರೆ ಎಲ್ಫ್, ಲಂಬೆ ಅಂದ್ರೆ ನುಡಿ, ಕೊನೇಲಿರೋ ರೊನ್ ಬಹುವಚನದ ಷಷ್ಠಿ, ನಮ್ಮ "ಗಳ" ಇದ್ದ ಹಾಗೆ. ಒಟ್ಟು ಎಲ್ಫ್ ನುಡಿಗಳ ಪುಸ್ತಕ. ಇಂಗ್ಲೆಂಡಿನ ಟೋಲ್ಕಿನ್ ಸೊಸೈಟಿ ಕಡೆಯಿಂದ ಕ್ವೆತ್ತರ್ ಅಂತ ಒಂದು ಬರ್ತಿತ್ತು, ಕ್ವೆತ್ತ ಅಂದ್ರೆ ಪದ, ಕ್ವೆತ್ತರ್ ಅಂದ್ರೆ ಪದಗಳು. ಎರಡು ಹೆಸರಲ್ಲೇ ಎರಡು ಪ್ರತ್ಯಯ ಕಲ್ತಾಯ್ತು. ವಿನ್ಯರ್ ತೆಂಗ್ವರ್ ಮಾತ್ರ ಸ್ವಲ್ಪ ತಮಾಷೆ. ತೆಂಗ್ವರ್ ಅಂದ್ರೆ ಅಕ್ಷರಗಳು, ವಿನ್ಯ ಅಂದ್ರೆ ಹೊಸ, ಇಟ್ಟೋರ ಮನಸ್ಸಲ್ಲಿದ್ದದ್ದು ನ್ಯೂಸ್‌ಲೆಟರ್ ಅನ್ನೋ ಶ್ಲೇಷೆ. ಆದ್ರೆ ಟೋಲ್ಕಿನ್ನರ ನಮಾರಿಯೆ ಪದ್ಯದಲ್ಲಿ "ಲಿಂತೆ ಯುಲ್ದರ್" ಅಂತಿದೆ, ಅಂದ್ರೆ ಬೇಗ ಬೇಗ ಕುಡಿದ ಗುಟುಕುಗಳು, ಅಲ್ಲಿ ಲಿಂತ ಅನ್ನೋ ವಿಶೇಷಣ ಬಹುವಚನದಲ್ಲಿ ಲಿಂತೆ ಆಗಿದೆ. ಆ ಲೆಕ್ಕದಲ್ಲಿ ಹೊಸ ಅಕ್ಷರಗಳು ಅಂತ ಹೇಳೋಕೆ ವಿನ್ಯೆ ತೆಂಗ್ವರ್ ಅನ್ಬೇಕಿತ್ತು. ಅಂದ್ರೆ ವ್ಯಾಕರಣದ ಪತ್ರಿಕೆಯ ಹೆಸರಲ್ಲೇ ವ್ಯಾಕರಣದ ಜಗಳ! ನನಗಂತೂ ಈ ವಿಷಯ ಗೊತ್ತಾದ ದಿನ ಬಹಳ ಸಮಾಧಾನ ಆಯ್ತು, ದೊಡ್ಡೋರಿಗೇ ಹೀಗಾದ್ರೆ ನಮ್ಮದೇನು ಅಂತ.

ಎರಡನೇ ಕೆಲಸ, ಈ ಪತ್ರಿಕೆಗಳು ಹುಟ್ಟಿದ್ದು ಬೆಳೆದದ್ದು ತಲೇಲಿಟ್ಕೊಳ್ಳಿ. ಇದು ಸುಮ್ನೆ ಕತೆಗಲ್ಲ, ಯಾವ ಸಂಚಿಕೇನ ಎಷ್ಟು ನಂಬ್ಬೇಕು ಅನ್ನೋದು ಇದ್ರಿಂದಾನೇ ಗೊತ್ತಾಗೋದು. ಪರ್ಮ ಶುರುವಾದದ್ದು 1971ರಲ್ಲಿ, ಅಮೆರಿಕದ ಮಿಥೊಪಿಯಿಕ್ ಸೊಸೈಟಿ ಅನ್ನೋ ಸಾಹಿತ್ಯಪ್ರಿಯರ ಸಂಘದೊಳಗಿನ ಭಾಷಾಪ್ರಿಯರ ಒಂದು ಗುಂಪಿಂದ, ಟೋಲ್ಕಿನ್ ಆಗಿನ್ನೂ ಬದುಕಿದ್ರು, ತೀರ್ಕೊಂಡದ್ದು 1973ರಲ್ಲಿ. ಆಗ ಇವರ ಕೈಲಿ ಏನಿತ್ತು ಅಂತೀರಾ? ಲಾರ್ಡ್ ಆಫ್ ದಿ ರಿಂಗ್ಸ್‌ನಲ್ಲಿ ಚದುರಿಕೊಂಡಿರೋ ಪದ್ಯ, ಹೆಸರು, ಪುಸ್ತಕದ ಕೊನೇಲಿರೋ ಅನುಬಂಧಗಳು, 1967ರಲ್ಲಿ ಬಂದ ಹಾಡಿನ ಪುಸ್ತಕದಲ್ಲಿ ನಮಾರಿಯೆ ಬಗ್ಗೆ ಟೋಲ್ಕಿನ್ ಬರೆದ ಟಿಪ್ಪಣಿ, ಮತ್ತೆ ಪ್ಲಾಟ್ಜ್ ಅನ್ನೋ ಅಮೆರಿಕದ ಅಭಿಮಾನಿಗೆ ಅವರು 1960ರ ದಶಕದಲ್ಲಿ ಕಳಿಸಿದ ಒಂದು ವಿಭಕ್ತಿ ಪಟ್ಟಿ. ವ್ಯಾಕರಣ ಪುಸ್ತಕ ಅಂತ ಒಂದೂ ಇಲ್ಲ. ಹಾಗಾಗಿ ಆಗಿನ ಬರಹಗಳು ಬಹುಪಾಲು ಊಹೆ, ಒಳ್ಳೇ ಊಹೆಗಳೇ, ಆದ್ರೂ ಊಹೆ.

ಆ ಪ್ಲಾಟ್ಜ್ ಪಟ್ಟಿ ಬಗ್ಗೆ ಒಂದು ಮಾತು ಹೇಳ್ದೆ ಮುಂದೆ ಹೋಗೋಕೆ ಮನಸ್ಸಿಲ್ಲ, ಯಾಕಂದ್ರೆ ಕನ್ನಡದವರಿಗೆ ಅದು ಮನೆ ಅಂಗಳ ಇದ್ದ ಹಾಗೆ. ಕಿರ್ಯ ಅಂದ್ರೆ ಹಡಗು. ಕಿರ್ಯನ್ನ, ಹಡಗಿಗೆ. ಕಿರ್ಯಸ್ಸೆ, ಹಡಗಲ್ಲಿ. ಕಿರ್ಯಲ್ಲೊ, ಹಡಗಿಂದ. ಇಂಗ್ಲಿಷ್ ಒಂದೇ ಗೊತ್ತಿರೋರು ಇದನ್ನ ನೋಡಿ ತಲೆ ಕೆರ್ಕೋತಾರೆ, ನಾವು ಮೂರನೇ ಕ್ಲಾಸಲ್ಲಿ ಬೆತ್ತದ ಭಯಕ್ಕೆ ಪ್ರಥಮಾ ದ್ವಿತೀಯಾ ಬಾಯಿಪಾಠ ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬಂತು.

1987ರಲ್ಲಿ ಮಗ ಕ್ರಿಸ್ಟೋಫರ್ ಟೋಲ್ಕಿನ್ ಅಪ್ಪನ ಒಂದು ದೊಡ್ಡ ಧಾತುಕೋಶ ಅಚ್ಚು ಹಾಕಿಸಿದ್ರು, ಎಟಿಮಾಲಜೀಸ್ ಅಂತ, ಅದು 1937-38ರ ಹೊತ್ತಿಂದು. ಮರುವರ್ಷ ಅಂದ್ರೆ 1988ರ ಸೆಪ್ಟೆಂಬರಲ್ಲಿ ವಿನ್ಯರ್ ತೆಂಗ್ವರ್ ಶುರುವಾಯ್ತು, ಎಲ್ವಿಶ್ ಲಿಂಗ್ವಿಸ್ಟಿಕ್ ಫೆಲೋಶಿಪ್‌ನ ಪತ್ರಿಕೆ. ಮೊದಲ ಸಂಪಾದಕ ಹೋರ್ಹೆ ಕಿನ್ಯೋನೆಸ್, 8ನೇ ಸಂಚಿಕೆಯಿಂದ ಕಾರ್ಲ್ ಹಾಸ್ಟೆಟರ್. ಶುರುನಲ್ಲಿ ಎರಡು ತಿಂಗಳಿಗೊಂದು ತೆಳ್ಳಗಿನ ಸಂಚಿಕೆ, ಅದರಲ್ಲಿ ಪತ್ರ, ವಾದ, ಪ್ರತಿವಾದ, ಅನುವಾದ.

ಆಮೇಲೆ 1990ರ ದಶಕದ ಶುರುನಲ್ಲಿ ಆಟವೇ ಬದಲಾಯ್ತು. ಕ್ರಿಸ್ಟೋಫರ್ ಅಪ್ಪನ ಭಾಷಾ ಹಸ್ತಪ್ರತಿಗಳ ಫೋಟೋಕಾಪಿ ಈ ಗುಂಪಿಗೆ ಕಳಿಸೋಕೆ ಶುರುಮಾಡಿದ್ರು, ಅಚ್ಚು ಹಾಕಿ ಅಂತ. ಪರ್ಮದ ಸಂಪಾದಕ ಕ್ರಿಸ್ಟೋಫರ್ ಗಿಲ್ಸನ್, ಹಾಸ್ಟೆಟರ್, ಪ್ಯಾಟ್ರಿಕ್ ವಿನ್, ಆರ್ಡೆನ್ ಸ್ಮಿತ್ ಸೇರಿ ಕೂತ್ರು. ಪರ್ಮ 11 ಬಂತು 1995ರಲ್ಲಿ, ಗ್ನೋಮಿಶ್ ಅನ್ನೋ ಇನ್ನೊಂದು ಎಲ್ಫ್ ಭಾಷೆಯ ನಿಘಂಟು. ಪರ್ಮ 12 ಬಂತು 1998ರಲ್ಲಿ, ಕ್ವೆನ್ಯದ ಮೊಟ್ಟಮೊದಲ ನಿಘಂಟು. ಅಲ್ಲಿಂದ ಮುಂದೆ ಪರ್ಮ ಅಭಿಮಾನಿ ಬರಹದ ಪತ್ರಿಕೆಯಾಗಿ ಉಳೀಲಿಲ್ಲ, ಟೋಲ್ಕಿನ್ನರದೇ ಹಸ್ತಪ್ರತಿಗಳ ಸಂಪಾದನೆ ಆಗೋಯ್ತು. ಅದಕ್ಕೇ ನಾನು ಹೇಳೋದು, ಹಳೇದೆಲ್ಲ ಒಂದು ಗುಡ್ಡೆ, 11ರಿಂದ ಈಚಿನದು ಇನ್ನೊಂದು ಗುಡ್ಡೆ ಮಾಡ್ಕೊಳ್ಳಿ. ಮೊದಲನೇ ಗುಡ್ಡೇನ ಪ್ರೀತಿಯಿಂದ ಓದಿ, ಎರಡನೇದನ್ನ ಪೆನ್ಸಿಲ್ ಹಿಡ್ಕೊಂಡು ಓದಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪ್ರತಿ ಸಂಚಿಕೆ ಮುಖಪುಟದ ಮೇಲೆ ಇಷ್ಟು ಬರ್ಕೊಳ್ಳಿ: ಅಚ್ಚಾದ ವರ್ಷ ಒಂದು, ಟೋಲ್ಕಿನ್ ಬರೆದ ವರ್ಷ ಒಂದು. ಪರ್ಮ 12 ಅಚ್ಚಾದದ್ದು 1998, ಬರೆಯೋಕೆ ಶುರುಮಾಡಿದ್ದು 1915, ಮಧ್ಯೆ 83 ವರ್ಷ. ಪರ್ಮ 11ರ ನಿಘಂಟು 1917ರದು. ವಿಟಿ 45, 46 ಅಚ್ಚಾದದ್ದು 2003-04, ಆದ್ರೆ ಒಳಗಿರೋದು ಅದೇ 1930ರ ದಶಕದ ಧಾತುಕೋಶಕ್ಕೆ ತಿದ್ದುಪಡಿ. ಪರ್ಮ 17 ಅಚ್ಚಾದದ್ದು 2007, ಅದರಲ್ಲಿರೋದು ಲಾರ್ಡ್ ಆಫ್ ದಿ ರಿಂಗ್ಸ್ ಬಂದ ಮೇಲೆ ಅದರೊಳಗಿನ ಪದಗಳ ಬಗ್ಗೆ ಅವರೇ ಮಾಡ್ಕೊಂಡ ಟಿಪ್ಪಣಿ. ಹೊಸದಾಗಿ ಅಚ್ಚಾಯ್ತು ಅಂದ್ರೆ ಹೊಸ ವಿಚಾರ ಅಂತ ಅಲ್ಲವೇ ಅಲ್ಲ. ನಾನು ಮೊದ್ಲು ಕೊಂಡದ್ದು ಪರ್ಮ 12, ದಪ್ಪಗಿದೆ, ನಿಘಂಟು ಅಂತಿದೆ, ಇನ್ನೇನು ಬೇಕು ಅಂತ, ಆರು ತಿಂಗಳು ಅದರಲ್ಲೇ ವಾಕ್ಯ ಕಟ್ಟಿ ಕಟ್ಟಿ ಆಮೇಲೆ ಎಲ್ಲಾ ಹೊಡೆದಾಕಿದ್ದೀನಿ. ನೀವು ಪರ್ಮ 17ರಿಂದ ಶುರುಮಾಡಿ, ಯಾಕಂದ್ರೆ ಅದರಲ್ಲಿ ಬರೋ ಪದಗಳನ್ನ ನೀವು ಕತೇಲಿ ಆಗ್ಲೇ ನೋಡಿರ್ತೀರಿ.

ಬರೆದ ವರ್ಷ ಗೊತ್ತಾಗೋದು ಹೇಗೆ? ಸಂಪಾದಕರ ಮುನ್ನುಡೀನ ಹಾರಿಸ್ಬೇಡಿ, ಎಲ್ರೂ ಹಾರಿಸ್ತಾರೆ, ಅಲ್ಲೇ ಇರೋದು ಎಲ್ಲಾ. ಯಾವ ಕಾಗದ, ಶಾಯೀನೋ ಪೆನ್ಸಿಲ್ಲೋ, ಯಾವುದರ ಮೇಲೆ ಯಾವುದು ತಿದ್ದಿದ್ದು, ಎಲ್ಲಾ ಹೇಳಿರ್ತಾರೆ. ಟೋಲ್ಕಿನ್ ಕೊನೇ ವರ್ಷಗಳಲ್ಲಿ ಪ್ರಕಾಶಕರು ಕಳಿಸ್ತಿದ್ದ ನೋಟೀಸಿನ ಖಾಲಿ ಹಿಂಬದೀಲಿ ಬರೀತಿದ್ರು, ನಮ್ಮಜ್ಜ ಹಳೇ ಲಗ್ನಪತ್ರಿಕೆ ಹಿಂದೆ ಅಡಿಕೆ ಲೆಕ್ಕ ಬರೀತಿದ್ರಲ್ಲ ಥೇಟ್ ಹಾಗೆ. ನೋಟೀಸಲ್ಲಿ 1968ರ ತಾರೀಖಿದ್ರೆ ಹಿಂದಿನ ಬರಹ ಅದಕ್ಕಿಂತ ಮುಂಚಿಂದಾಗೋಕೆ ಸಾಧ್ಯ ಇಲ್ಲ. ವಿಟಿ 41ರಲ್ಲಿ ಬಂದ, ಫೆಯನೋರ್ ಅನ್ನೋ ಎಲ್ಫ್ ರಾಜಕುಮಾರನ ಉಚ್ಚಾರದ ಜಗಳದ ಕುರಿತ ಪ್ರಬಂಧದ ತುಣುಕುಗಳನ್ನ ಹೀಗೇ ಕಾಲ ಹಿಡಿದಿರೋದು.

ಮುನ್ನುಡಿ ಅರ್ಥ ಆಗ್ಲಿಲ್ವಾ, ಭಾಷೆಯ ಹೆಸರು ನೋಡಿ. ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಕ್ವೆನ್ಯಕ್ಕೆ ಕ್ಯೂ ಆದ್ಮೇಲೆ ಯು ಇಲ್ದೆ ಇದ್ರೆ ಸಾಮಾನ್ಯವಾಗಿ ಅದು ಹಳೇ ಕಾಲದ್ದು, ಯು ಬಂತು ಅಂದ್ರೆ ಲಾರ್ಡ್ ಆಫ್ ದಿ ರಿಂಗ್ಸ್ ಕಾಲ ಮತ್ತೆ ಆಮೇಲಿಂದು. ಟೋಲ್ಕಿನ್ನರ ಆ ಇನ್ನೊಂದು ಎಲ್ಫ್ ಭಾಷೆಗಂತೂ ಹೆಸರೇ ಬದಲಾಗ್ತಾ ಬಂತು, ಮೊದ್ಲು ಗ್ನೋಮಿಶ್, ಆಮೇಲೆ ನೋಲ್ದೊರಿನ್, ಕೊನೆಗೆ ಸಿಂದರಿನ್. ನೋಲ್ದೊರಿನ್ ಅಂತ ಗುರುತು ಹಾಕಿರೋ ಪದಾನ ಸೀದಾ ಸಿಂದರಿನ್ ಅಂತ ಬಳಸ್ಬೇಡಿ, ಬಹಳಷ್ಟು ಸಲ ಹೊಂದುತ್ತೆ, ಕೆಲವು ಸಲ ಕೈಕೊಡುತ್ತೆ. ಪದದ ಶುರುನಲ್ಲಿ ನಕ್ಷತ್ರದ ಗುರುತಿದ್ರೆ ಹುಷಾರು, ಅಂಥ ರೂಪ ಎಲ್ಲೂ ದಾಖಲಾಗಿಲ್ಲ, ಲೆಕ್ಕ ಹಾಕಿ ಕಟ್ಟಿದ್ದು ಅಂತ. ಆದ್ರೆ ಟೋಲ್ಕಿನ್ನೂ ಎಲ್ಫ್‌ಗಳ ಆದಿಭಾಷೆ ರೂಪಕ್ಕೆ ಅದೇ ನಕ್ಷತ್ರ ಹಾಕ್ತಿದ್ರು, ಹಾಗಾಗಿ ಹಾಕಿದ್ದು ಯಾರು ಅಂತ ನೋಡ್ಕೊಳ್ಳಿ.

ಒಂದು ಪದ ಹಿಡ್ಕೊಂಡು ನೋಡೋಣ, ಆಗ ಗೊತ್ತಾಗುತ್ತೆ ಯಾಕಿಷ್ಟು ಕೂಗಾಡ್ತಿದೀನಿ ಅಂತ. "ನಮ್ಮ" ಅನ್ನೋದು. ಕನ್ನಡದಲ್ಲಿ ಈಗ ಒಂದೇ ನಮ್ಮ. ತೆಲುಗಲ್ಲಿ ಮನಮು ಬೇರೆ ಮೇಮು ಬೇರೆ, ತುಳುವಲ್ಲಿ ನಮ ಬೇರೆ ಎಂಕುಲು ಬೇರೆ, ಎದುರಿಗಿರೋನನ್ನ ಸೇರಿಸ್ಕೊಂಡ ನಾವು, ಅವನನ್ನ ಬಿಟ್ಟ ನಾವು. ಕ್ವೆನ್ಯನೂ ಈ ಗುಂಪಿಗೇ ಸೇರಿದ್ದು, ಮಂಗಳೂರು ಕಡೆಯವರಿಗೆ ವಿವರಿಸೋದೇ ಬೇಡ. ಲಾರ್ಡ್ ಆಫ್ ದಿ ರಿಂಗ್ಸ್‌ನ ನಾಯಕ ಫ್ರೋಡೊ ಎಲ್ಫ್‌ಗಳಿಗೆ ಹೇಳೋ ನಮಸ್ಕಾರ ಇದೆಯಲ್ಲ, ನಮ್ಮ ಭೇಟಿಯ ಗಳಿಗೆ ಮೇಲೆ ನಕ್ಷತ್ರ ಬೆಳಗ್ತಿದೆ ಅಂತ, ಅದು ಮೊದಲ ಆವೃತ್ತೀಲಿ "ಒಮೆಂತಿಯೆಲ್ಮೊ" ಅಂತ ಮುಗೀತಿತ್ತು, 1960ರ ದಶಕದ ಎರಡನೇ ಆವೃತ್ತೀಲಿ "ಒಮೆಂತಿಯೆಲ್ವೊ" ಆಯ್ತು. ಎದುರಿಗಿರೋನು ಸೇರಿದ ನಾವು, ಮೊದ್ಲು ಲ್ಮ, ಆಮೇಲೆ ಲ್ವ. ಹಾಗಾದ್ರೆ ಲ್ಮ ಎಲ್ಲಿ ಹೋಯ್ತು? ಅದು ಎದುರಿಗಿರೋನನ್ನ ಬಿಟ್ಟ ನಾವು ಆಗಿ ಕೂತ್ಕೊಂತು, ಒಂದು ಅಕ್ಷರ ತಿದ್ದಿದ್ರು, ಇಡೀ ಸರ್ವನಾಮದ ಮನೆ ಪಲ್ಲಟ.

ಈಗ 2002ರ ಜನವರಿಯ ವಿಟಿ 43 ತೆಗೀರಿ. ಅದರಲ್ಲಿ ಟೋಲ್ಕಿನ್ 1950ರ ದಶಕದಲ್ಲಿ ಕ್ವೆನ್ಯಕ್ಕೆ ಮಾಡಿದ ಕ್ರೈಸ್ತ ಪ್ರಾರ್ಥನೆಗಳಿವೆ. ಮೊದಲ ಪದಾನೇ "ಆತರೆಮ್ಮ", ನಮ್ಮ ತಂದೆಯೇ ಅಂತ. ದೇವರಿಗೇ ಹೇಳೋದು ತಾನೆ, ದೇವರು ಆ "ನಮ್ಮ"ದಲ್ಲಿ ಸೇರಲ್ಲ, ಹಾಗಾಗಿ ಆ ಕಾಲಕ್ಕೆ ಮ್ಮ ಅನ್ನೋದು ಎದುರಿಗಿರೋನನ್ನ ಬಿಟ್ಟ ನಮ್ಮ. ಸರಿ. ಆದ್ರೆ 1960ರ ದಶಕದ ಪಲ್ಲಟದಲ್ಲಿ ಮ್ಮ ದ್ವಿವಚನಕ್ಕೆ ಹೋಯ್ತು, ನಮ್ಮಿಬ್ಬರ ಅಂತ. ಅಂದ್ರೆ ಆ ಪ್ರಾರ್ಥನೇನ ಹಾಗೇ ಎತ್ಕೊಂಡು ಕೊನೇ ಕಾಲದ ಕ್ವೆನ್ಯದಲ್ಲಿ ಓದಿದ್ರೆ ಇಡೀ ಚರ್ಚು ಎದ್ದು ನಿಂತು "ನಮ್ಮಿಬ್ಬರ ತಂದೆಯೇ" ಅಂದ ಹಾಗಾಗುತ್ತೆ. ಟೋಲ್ಕಿನ್ ತಪ್ಪು ಮಾಡಿದ್ರು ಅಂತಲ್ಲ, ಅವರ ಭಾಷೆ ಅವರ ಜೊತೆ ವಯಸ್ಸಾಗ್ತಾ ಹೋಯ್ತು ಅಷ್ಟೇ. ಈ ಸರ್ವನಾಮದ ಗೋಜಲು ಬಿಡಿಸೋಕೆ 2007ರ ವಿಟಿ 49 ಓದಿ, ಪಟ್ಟಿಗಳ ಸಮೇತ ಇದೆ. ಅದರ ಮುಂದಿನ ಸಂಚಿಕೆ 50ಕ್ಕೆ 2013ರ ತನಕ ಕಾಯ್ಬೇಕಾಯ್ತು, ಆರು ವರ್ಷ! ಸಂಪಾದಕರು ನಿಧಾನ ಅಂತ ಅಭಿಮಾನಿಗಳ ಗೊಣಗಾಟ ಮೊದಲಿಂದ್ಲೂ ಇದೆ, ನಾನೂ ಗೊಣಗಿದೀನಿ, ಆದ್ರೆ ಒಂದು ಪುಟದಲ್ಲಿ ನಾಲ್ಕು ಸಲ ಹೊಡೆದು ಐದು ಸಲ ತಿದ್ದಿರೋ ಪೆನ್ಸಿಲ್ ಬರಹ ಓದೋ ಕೆಲಸ ನನಗೆ ಕೊಟ್ರೆ ನಾನು ಒಂದು ಸಂಚಿಕೇನೂ ತರ್ತಿರ್ಲಿಲ್ಲ.

ಇಷ್ಟು ಹೊತ್ತು ಬರೀ ತಲೆನೋವು ಆಯ್ತು ಅನ್ಸಿದ್ರೆ ವಿಟಿ 47 ತೆಗೀರಿ, ಕೈ ಬೆರಳು ಎಣಿಕೆ ಬಗ್ಗೆ. ಎಲ್ಫ್ ಮಕ್ಕಳು ಬೆರಳಿಗೆ ಆಟದ ಹೆಸರಿಟ್ಟಿರ್ತಾರೆ: ಹೆಬ್ಬೆಟ್ಟು ಅಪ್ಪ, ತೋರುಬೆರಳು ಅಮ್ಮ, ನಡುಬೆರಳು ಎದ್ದು ನಿಂತೋನು, ಉಂಗುರಬೆರಳು ಹುಡುಗಿ, ಕಿರುಬೆರಳು ಪಾಪು. ಅಜ್ಜಿ ಬೆರಳು ಹಿಡಿದು ಆಡಿಸ್ತಿದ್ದದ್ದು ನೆನಪಾಗಿ ನಾನು ಆ ಪುಟ ಎಷ್ಟು ಸಲ ಓದಿದೀನೋ.

ನೋಟ್‌ಬುಕ್ ಹೇಗಿಡ್ಬೇಕು ಅಂದ್ರೆ, ಪದ, ಅರ್ಥ, ಸಂಚಿಕೆ ಮತ್ತೆ ಪುಟ, ಬರೆದ ವರ್ಷ, ನಾಲ್ಕೇ ಕಾಲಂ. ನಾಲ್ಕನೇದು ಖಾಲಿ ಇರೋ ಪದಾನ ವಾಕ್ಯದಲ್ಲಿ ಬಳಸ್ಬೇಡಿ, ಅಷ್ಟೇ ನಿಯಮ. ಒಂದು ಉದಾಹರಣೆ ಹೇಳ್ತೀನಿ. ನನ್ನ ಗೆಳೆಯ ಒಬ್ಬ ಹೊಸ ಮನೆ ಕಟ್ಟಿಸ್ದ, ಗೇಟಿಗೆ "ನಮ್ಮ ಮನೆ" ಅಂತ ಕ್ವೆನ್ಯದಲ್ಲಿ ಬೇಕು ಅಂದ. ಮನೆಗೆ ಕೊಅ, ಅದು 1960ರ ಆಸುಪಾಸಿನ ಬರಹದಲ್ಲಿ ಸಿಗುತ್ತೆ, ಕಾಲಂ ತುಂಬ್ತು. ಪ್ರತ್ಯಯ ಅದಕ್ಕಿಂತ ಸ್ವಲ್ಪ ಈಚಿಂದು, ಪರವಾಗಿಲ್ಲ, ಅಂಟಿಸಿದ ರೂಪಕ್ಕೆ ಒಂದು ನಕ್ಷತ್ರ ಹಾಕ್ಕೊಂಡೆ. ಈಗ ಯಾವ ನಮ್ಮ? ಗಂಡ ಹೆಂಡ್ತಿ ಇಬ್ಬರದೇ ಅಂದ್ರೆ ಕೊಅಮ್ಮ. ಮನೆಯವರೆಲ್ಲರದು, ಆದ್ರೆ ಗೇಟ್ ಹತ್ರ ನಿಂತು ಓದೋ ನಿನ್ನದಲ್ಲ ಅಂದ್ರೆ ಕೊಅಲ್ಮ. ಓದೋ ನಿನ್ನದೂ ಸೇರಿ ಅಂದ್ರೆ ಕೊಅಲ್ವ. ಅವನು ಮೊದ್ಲು ಕೊಅಮ್ಮ ಅಂತ ಬರೆಸೋಕೆ ಹೊರಟಿದ್ದ, ಅಷ್ಟರಲ್ಲಿ ಅತ್ತೆ ಊರಿಂದ ಬಂದು ಇಲ್ಲೇ ಇರ್ತೀನಿ ಅಂದ್ರು, ದ್ವಿವಚನ ಅಲ್ಲಿಗೆ ಮುಗೀತು. ಈಗ ಗೇಟಿಗೆ ಕೊಅಲ್ವ ಅಂತಿದೆ, ಪೋಸ್ಟ್‌ಮ್ಯಾನ್ ಅದನ್ನ ಅವರ ಮನೆತನದ ಹೆಸರು ಅನ್ಕೊಂಡಿದಾನೆ.