ಶುಲ್ಕ ಕಟ್ಟುವವರು ಮಗ, ಕೋಣೆಯಲ್ಲಿರುವವರು ತಾಯಿ: ಪುಣೆಯ ಆರೈಕೆ ಕೇಂದ್ರಗಳಲ್ಲಿ ನನ್ನ ಅನುಭವ

ಪುಣೆಯ ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಹಲವು ವರ್ಷ ದುಡಿದ ಮೇಲೆ, ಈಗ ನಾನು ಹಿರಿಯರ ಆರೈಕೆ ಕೇಂದ್ರಗಳಿಗೆ ಹೋಗಿ ಅಲ್ಲಿನ ನಿವಾಸಿಗಳ ಪರವಾಗಿ ಮಾತನಾಡುವ ಕೆಲಸ ಮಾಡುತ್ತಿದ್ದೇನೆ. ಕೋಥರೂಡ, ಬಾಣೇರ, ಸಿಂಹಗಡ ರಸ್ತೆಯ ಕಡೆಗಿನ ಇಂಥ ಕೇಂದ್ರಗಳಲ್ಲಿ ಹುಬ್ಬಳ್ಳಿ, ಬೆಳಗಾವಿ, ವಿಜಯಪುರದಿಂದ ಬಂದ ಹಿರಿಯರು ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರ ಮಕ್ಕಳು ಹಿಂಜವಡಿಯ ಐಟಿ ಕಂಪನಿಗಳಲ್ಲೋ ವಿದೇಶದಲ್ಲೋ ಇರುತ್ತಾರೆ. ತಿಂಗಳ ಶುಲ್ಕ ಕಟ್ಟುವವರು, ಪ್ರವೇಶ ಪತ್ರಕ್ಕೆ ಸಹಿ ಹಾಕುವವರು, ದೂರು ಹೇಳುವವರು ಎಲ್ಲರೂ ಆ ಮಕ್ಕಳೇ. ಆದ್ದರಿಂದ ಕೇಂದ್ರದ ಲೆಕ್ಕದಲ್ಲಿ ಗಿರಾಕಿ ಎಂದರೆ ಮಗ; ತಾಯಿ ಅವನು ಒಪ್ಪಿಸಿ ಹೋದ ಹೊಣೆ. ನಾನು ಕಂಡ ಬಹುಪಾಲು ತೊಂದರೆಗಳ ಬೇರು ಈ ಲೆಕ್ಕದಲ್ಲಿದೆ, ಹೊಡೆತ ಬಡಿತಗಳಲ್ಲಿ ಅಲ್ಲ.

ಹಾಗಾಗಿ ನನ್ನ ಕೆಲಸ ಪ್ರವೇಶದ ಒಪ್ಪಂದದಿಂದಲೇ ಶುರುವಾಗುತ್ತದೆ. ನಾನು ಅದನ್ನು ನಿವಾಸಿಯ ಎದುರು ಕುಳಿತು ಕನ್ನಡದಲ್ಲಿ ಓದಿ ಹೇಳುತ್ತೇನೆ, ಕೊನೆಗೆ ಅವರ ಸಹಿಯೂ ಇರಲೇಬೇಕೆಂದು ಪಟ್ಟು ಹಿಡಿಯುತ್ತೇನೆ. 'ಕುಟುಂಬದ ಲಿಖಿತ ಅನುಮತಿಯಿಲ್ಲದೆ ನಿವಾಸಿ ಹೊರಗೆ ಹೋಗುವಂತಿಲ್ಲ' ಎಂಬ ಸಾಲು ಹಲವು ಒಪ್ಪಂದಗಳಲ್ಲಿ ಕಂಡಿದೆ. ಬುದ್ಧಿ ಸ್ಥಿಮಿತದಲ್ಲಿರುವ ಎಪ್ಪತ್ತೈದರ ಮನುಷ್ಯನೊಬ್ಬ ಎದುರಿನ ಅಂಗಡಿಗೆ ಹೋಗಿ ವೀಳ್ಯದೆಲೆ ತರಲು ಮಗನ ಅಪ್ಪಣೆ ಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಆ ಸಾಲನ್ನು ತೆಗೆಸಿ, 'ಹೊರಗೆ ಹೋಗುವಾಗ ದಫ್ತರದಲ್ಲಿ ಹೆಸರು ಬರೆದು ಹೋಗಬೇಕು' ಎಂದು ಬರೆಸುವುದಕ್ಕೆ ವ್ಯವಸ್ಥಾಪಕರು ಸಾಮಾನ್ಯವಾಗಿ ಒಪ್ಪುತ್ತಾರೆ. ಡಿಪಾಜಿಟ್ ಮರಳಿಸುವ ಅವಧಿ, ಶುಲ್ಕ ಏರಿಸುವ ಕ್ರಮ, ಎಟಿಎಂ ಕಾರ್ಡು ಮತ್ತು ಆಧಾರ್ ಯಾರ ಬಳಿ ಇರಬೇಕು ಎಂಬ ಮಾತುಗಳಿಗೂ ಅಷ್ಟು ಜಗಳವಾಗುವುದಿಲ್ಲ. ಜಗಳವಾಗುವುದು ಕೇಂದ್ರದಿಂದ ಹೊರಹಾಕುವ ಷರತ್ತಿನ ಬಗ್ಗೆ. ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಇಂಥ ಕೇಂದ್ರಗಳಿಗೆ 2021ರ ಆಗಸ್ಟ್‌ನಿಂದ ಪ್ರತ್ಯೇಕ ಪರವಾನಗಿ ಕಡ್ಡಾಯವಾಗಿದ್ದು, ಹೊರಹಾಕುವ ಮುನ್ನ ಕಾರಣ ತಿಳಿಸಿ ನೋಟಿಸು ಕೊಡಬೇಕು, ನಿವಾಸಿ ಅದರ ವಿರುದ್ಧ ಮೇಲ್ಮನವಿ ಸಲ್ಲಿಸಬಹುದು. ಆ ಕ್ರಮವನ್ನು ನೋಡಿಯೇ, ಕಾರಣ ಬರೆದ ನೋಟಿಸು ನಿವಾಸಿಯ ಕೈಗೇ ತಲುಪಬೇಕು ಎಂಬ ಷರತ್ತನ್ನು ನಾನು ಇಲ್ಲಿನ ಒಪ್ಪಂದಗಳಲ್ಲಿ ಕೇಳತೊಡಗಿದೆ.

ನಮ್ಮಲ್ಲಿ ಕಾಯ್ದೆಯ ಆಸರೆ ಇಷ್ಟು ಗಟ್ಟಿಯಾಗಿಲ್ಲ. ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ 2007ರ ಕಾಯ್ದೆ ಜಿಲ್ಲೆಗೊಂದು ವೃದ್ಧಾಶ್ರಮದ ಮಾತನ್ನೇನೋ ಆಡುತ್ತದೆ, ಅದು ನಿರ್ಗತಿಕರಿಗಾಗಿ. ಕೇಂದ್ರ ವಸತಿ ಸಚಿವಾಲಯ 2019ರಲ್ಲಿ ಹೊರಡಿಸಿದ ನಿವೃತ್ತರ ವಸತಿಗಳ ಮಾದರಿ ಮಾರ್ಗಸೂಚಿಯಲ್ಲಿ ನಿವಾಸಿಗಳ ಹಕ್ಕುಗಳ ಪ್ರಸ್ತಾಪವಿದ್ದರೂ ಅದು ಸಲಹೆಯ ರೂಪದ್ದು. ತಿಂಗಳ ಶುಲ್ಕದ ಮೇಲೆ ಬಂಗಲೆಯೊಂದರಲ್ಲಿ ನಡೆಯುವ ಕೇಂದ್ರದ ಎದುರು ಕೊನೆಗೆ ಕೆಲಸಕ್ಕೆ ಬರುವುದು ಸಹಿಯಾದ ಒಪ್ಪಂದ ಮತ್ತು ಗ್ರಾಹಕ ಸಂರಕ್ಷಣಾ ಕಾಯ್ದೆ.

ಒಪ್ಪಂದ ಮುಗಿದ ಮೇಲೆ ನಾನು ಕೇಳುವುದು ನಿವಾಸಿಯ ಜೊತೆ ಏಕಾಂತದಲ್ಲಿ ಮಾತನಾಡುವ ಅವಕಾಶ. ಮಕ್ಕಳಾಗಲಿ ಮಾವಶಿಯಾಗಲಿ (ಆರೈಕೆ ಮಾಡುವ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರೆ) ಕೋಣೆಯಲ್ಲಿ ಇರಬಾರದು. ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರ ಕಡತದಲ್ಲಿ 'ಮರೆವಿನ ಕಾಯಿಲೆ, ಸಹಕರಿಸುವುದಿಲ್ಲ, ಡಾಯಪರ್ ಕಿತ್ತೆಸೆಯುತ್ತಾರೆ' ಎಂದು ಬರೆದಿತ್ತು. ನಲವತ್ತು ವರ್ಷ ಸರಾಗವಾಗಿ ಆಡಿದ್ದ ಮರಾಠಿ ಕಾಯಿಲೆ ಬಂದ ಮೇಲೆ ಅವರ ಬಾಯಿಂದ ಜಾರಿತ್ತು, ಕನ್ನಡವೊಂದು ಉಳಿದಿತ್ತು. ಮಾವಶಿಯರಿಗೆ ಕನ್ನಡ ತಿಳಿಯದು. ನಾನು ಪಕ್ಕದಲ್ಲಿ ಕುಳಿತು ಊರು ಕೇರಿಯ ಮಾತಾಡಿದ ಮೇಲೆ ಅಜ್ಜಿ, "ನನಗ ಬಾತ್‌ರೂಮಿಗೆ ನಡಕೋತ ಹೋಗಲಿಕ್ಕೆ ಬರ್ತದವಾ, ಇವರು ಏಳಗೊಡಂಗಿಲ್ಲ," ಎಂದರು. ಎದ್ದು ತೋರಿಸಲು ಕೇಳಿದಾಗ ಮಂಚದ ಕಟಾಂಜನ ಹಿಡಿದು ನಿಂತರು, ನನ್ನ ಮೊಣಕೈ ಹಿಡಿದು ಬಾಗಿಲವರೆಗೆ ನಡೆದರು. ಕರೆಗಂಟೆಯ ಗುಂಡಿ ತಲೆಯ ಹಿಂದಿನ ಗೋಡೆಯಲ್ಲಿತ್ತು, ಮಲಗಿದವರ ಕೈಗೆ ಎಟುಕುವಂತಿರಲಿಲ್ಲ.

ಇಲ್ಲಿ ಮಾವಶಿಯನ್ನು ಕೆಟ್ಟವಳೆಂದು ಬರೆದು ಮುಗಿಸುವುದು ಸುಲಭ. ರಾತ್ರಿ ಪಾಳಿಯಲ್ಲಿ ಇಡೀ ಮಹಡಿಗೆ ಅವಳೊಬ್ಬಳೇ ಇದ್ದಳು, ಕೆಲಸದವರನ್ನು ಒದಗಿಸುವ ಬ್ಯೂರೋದಿಂದ ಬಂದ ದಿನಗೂಲಿಯವಳು; ನಿವಾಸಿ ಬಿದ್ದರೆ ಕೂಲಿ ಕಡಿತವಾಗುವುದು ಅವಳದೇ. ಬೀಳುವ ಭಯಕ್ಕಿಂತ ಡಾಯಪರ್ ಅವಳಿಗೆ ಸುರಕ್ಷಿತ. ಆದ್ದರಿಂದ ನಾನು ವ್ಯವಸ್ಥಾಪಕರ ಮುಂದೆ ದೂರಿನ ಬದಲು ತಿಂಗಳ ಬಿಲ್ಲುಗಳನ್ನು ಇಟ್ಟೆ. ಔಷಧಿಗಿಂತ ಡಾಯಪರಿನ ಖರ್ಚು ಹೆಚ್ಚಾಗಿತ್ತು, ಆ ಬಿಲ್ಲು ನೋಡಿಯೂ ಮಗ ಏನನ್ನೂ ಕೇಳಿರಲಿಲ್ಲ. ಮಂಚದ ಪಕ್ಕ ಕಮೋಡ್ ಕುರ್ಚಿ ಬಂತು, ಉದ್ದ ವೈರಿನ ಗಂಟೆ ದಿಂಬಿನ ಬಳಿ ಬಂತು, ಎಚ್ಚರವಿರುವಾಗ ಎರಡೆರಡು ಗಂಟೆಗೊಮ್ಮೆ ಕೇಳಿ ಕರೆದೊಯ್ಯುವ ಪಟ್ಟಿ ಗೋಡೆಗೆ ಅಂಟಿತು. ರಾತ್ರಿಯ ಮಟ್ಟಿಗೆ ಡಾಯಪರ್ ಬೇಕೆಂದು ಅಜ್ಜಿ ತಾವೇ ಹೇಳಿದರು.

ಮರೆವಿನ ಕಾಯಿಲೆಯವರನ್ನು ಕೇಳಿ ಏನು ಪ್ರಯೋಜನ ಎಂದು ಮಕ್ಕಳು ಕೇಳುವುದುಂಟು. ಮಾನಸಿಕ ಆರೋಗ್ಯ ಆರೈಕೆಯ 2017ರ ಕಾಯ್ದೆಯ 4ನೇ ಕಲಮನ್ನು ನಾನು ಅವರಿಗೆ ಓದಿ ತೋರಿಸುತ್ತೇನೆ: ಮಾಹಿತಿಯನ್ನು ಆ ವ್ಯಕ್ತಿಗೆ ತಿಳಿಯುವ ಸರಳ ಭಾಷೆಯಲ್ಲಿ ಕೊಡಬೇಕು, ನಿರ್ಧಾರವನ್ನು ಮಾತಿನಲ್ಲಲ್ಲದೆ ಸನ್ನೆಯಲ್ಲೂ ತಿಳಿಸಬಹುದು, ಅದು ಇತರರಿಗೆ ತಪ್ಪಾಗಿ ಕಂಡ ಮಾತ್ರಕ್ಕೆ ಆ ವ್ಯಕ್ತಿಗೆ ನಿರ್ಧರಿಸುವ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಬ್ಯಾಂಕಿನ ವ್ಯವಹಾರ ತಿಳಿಯದವರಿಗೂ ಯಾವ ಸೀರೆ ಉಡಬೇಕು, ಯಾರು ಸ್ನಾನ ಮಾಡಿಸಬೇಕು ಎಂಬುದು ತಿಳಿದಿರುತ್ತದೆ. ಅದೇ ಕಾಯ್ದೆಯ 97ನೇ ಕಲಮು ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಕೈಕಾಲು ಕಟ್ಟುವುದಕ್ಕೆ ಕಠಿಣ ಮಿತಿಗಳನ್ನು ಹಾಕಿದೆ. ಆರೈಕೆ ಕೇಂದ್ರಗಳಲ್ಲೂ ನಾನು ಅದನ್ನೇ ಅಳತೆಗೋಲಾಗಿ ಬಳಸುತ್ತೇನೆ. ಮೂಗಿನ ನಳಿಕೆ ಕೀಳುತ್ತಾರೆಂದು ಓಢಣಿಯಿಂದ ಕೈ ಕಟ್ಟುವುದು ಒಂದು ಕೇಂದ್ರದಲ್ಲಿ ರೂಢಿಯಾಗಿತ್ತು. ಯಾರು ಹೇಳಿದರು, ಏಕೆ ಕಟ್ಟಿದರು, ಎಷ್ಟು ಹೊತ್ತಿಗೆ ಬಿಚ್ಚಿದರು ಎಂದು ಬರೆಯುವ ರಜಿಸ್ಟರ್ ಇಡಿಸಿದೆವು. ತಮ್ಮ ಹೆಸರಿನಲ್ಲಿ ಬರೆದಿಡಲು ಯಾರಿಗೂ ಮನಸ್ಸಿರಲಿಲ್ಲ, ಕಟ್ಟುವುದು ತಾನಾಗಿ ಕಡಿಮೆಯಾಯಿತು. ಆದರೆ ಅದರ ಜಾಗಕ್ಕೆ ಮಾತ್ರೆ ಬರುವ ಅಪಾಯವಿದೆ. ಮರೆವಿನ ಕಾಯಿಲೆಯ ವೃದ್ಧರಿಗೆ ಹೊಸ ಬಗೆಯ ಮನೋವಿಕಾರದ ಔಷಧಿ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಹಾಗಾಗಿ ಇಂಥ ಮಾತ್ರೆ ಯಾವಾಗ ಶುರುವಾಯಿತು, ಯಾರು ಬರೆದುಕೊಟ್ಟರು ಎಂಬ ಚೀಟಿಯನ್ನೂ ಪ್ರತಿ ಸಲ ನೋಡುತ್ತೇನೆ.

ಹಣದ ವಿಷಯದಲ್ಲಿ ಕನ್ನಡದ ಕುಟುಂಬಗಳಿಗೆ ಒಂದು ವಿಶೇಷ ತೊಡಕಿದೆ: ತಾಯಿ ಪುಣೆಯಲ್ಲಿ, ಮನೆ ಧಾರವಾಡದಲ್ಲಿ. ಮಕ್ಕಳು ತಾಯಿಯ ಪರವಾಗಿ ವ್ಯವಹರಿಸುವ ಅಧಿಕಾರ ಕೊಡುವ ವಟಮುಖತ್ಯಾರ ಪತ್ರ ಬರೆಸಿಕೊಂಡು ಚಿಂತೆ ಮುಗಿಯಿತೆಂದುಕೊಳ್ಳುತ್ತಾರೆ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದಾಗ ಕರಾರು ಕಾಯ್ದೆಯ 201ನೇ ಕಲಮಿನಂತೆ ಆ ಅಧಿಕಾರ ಕೊನೆಗೊಳ್ಳುತ್ತದೆ. ಆಮೇಲೆ ಅವರ ಪರವಾಗಿ ನಿರ್ಧರಿಸುವ ಪಾಲಕತ್ವಕ್ಕಾಗಿ ಹೈಕೋರ್ಟಿನವರೆಗೆ ಹೋಗಬೇಕಾಗಬಹುದು. ಮನೆಯನ್ನು ದಾನಪತ್ರದ ಮೂಲಕ ಕೊಡುವವರಿಗೆ ನನ್ನ ಸಲಹೆ ಒಂದೇ, ಆರೈಕೆಯ ಷರತ್ತನ್ನು ಪತ್ರದಲ್ಲೇ ಬರೆಸಿರಿ. ಆರೈಕೆ ತಪ್ಪಿದರೆ ಅಂಥ ವರ್ಗಾವಣೆಯನ್ನು ರದ್ದುಪಡಿಸಲು 2007ರ ಕಾಯ್ದೆಯ 23ನೇ ಕಲಮು ಅವಕಾಶ ಕೊಡುತ್ತದೆ, ಆದರೆ ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಅದೇ ಕೋರ್ಟಿನ 2025ರ ಜನವರಿಯ ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಿದೆ ನಿಜ, ಆದರೂ ಬರೆದ ಷರತ್ತಿನಷ್ಟು ಭರವಸೆ ಇನ್ನೊಂದಿಲ್ಲ. ಮಕ್ಕಳಿಂದ ಪೋಷಣೆ ಕೋರುವ ಅರ್ಜಿಯನ್ನು ಹಿರಿಯರು ತಾವಿರುವ ಜಿಲ್ಲೆಯಲ್ಲೇ, ಅಂದರೆ ಪುಣೆಯ ಪ್ರಾಂತ ಅಧಿಕಾರಿಯ (ಉಪವಿಭಾಗಾಧಿಕಾರಿಯ) ನ್ಯಾಯಮಂಡಳಿಯಲ್ಲೇ ಕೊಡಬಹುದು; ಊರಿಗೆ ಓಡಾಡಬೇಕಿಲ್ಲ. ದಾರಿ ತೋಚದವರು ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಈಚೆಗೆ ಹೆಚ್ಚು ತಲೆನೋವಾಗಿರುವುದು ಕ್ಯಾಮೆರಾ. ಇಬ್ಬರು ಇರುವ ಕೋಣೆಯಲ್ಲಿ ಒಬ್ಬರ ಮಗಳು, ವಿದೇಶದಿಂದ ಫೋನಿನಲ್ಲಿ ತಾಯಿಯನ್ನು ನೋಡಲೆಂದು, ಕ್ಯಾಮೆರಾ ಹಾಕಿಸಲು ಹಣ ಕಳಿಸಿದ್ದರು. ಕಳವಳ ಸಹಜವೇ. ಆದರೆ ಪಕ್ಕದ ಮಂಚದ ಆಜಿ ಅದೇ ಕೋಣೆಯಲ್ಲಿ ಸೀರೆ ಬದಲಿಸುತ್ತಾರೆ, ಅವರನ್ನು ಯಾರೂ ಕೇಳಿರಲಿಲ್ಲ; ತಾಯಿಯನ್ನೂ ಕೇಳಿರಲಿಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದಾಗ, ಬಟ್ಟೆ ಬದಲಿಸುವಾಗ ಮತ್ತು ವೈದ್ಯರು ಬಂದಾಗ ಆರಿಸುವುದಾದರೆ ಆಗಲಿ ಎಂದರು. ಅದನ್ನು ಒಪ್ಪಂದದ ಪುರವಣಿಯಾಗಿ ಬರೆದು ಇಬ್ಬರ ಸಹಿ ಪಡೆದಿದ್ದೇವೆ. ಬೇಡವೆನಿಸಿದ ದಿನ ಇಬ್ಬರಲ್ಲಿ ಯಾರಾದರೂ ಆ ಒಪ್ಪಿಗೆಯನ್ನು ಹಿಂದೆ ಪಡೆಯಬಹುದು. ಅದಕ್ಕೆ ಮಕ್ಕಳ ಸಹಿ ಬೇಕಿಲ್ಲ.