ಲೇಓವರ್ ರಾತ್ರಿಯ ಜವಾಬ್ದಾರಿ ಯಾರದು?

ವಿದೇಶದ ಊರಿನಲ್ಲಿ ವಿಮಾನದಿಂದ ಇಳಿದು, ಮರಳುವ ವಿಮಾನ ಹತ್ತುವವರೆಗೆ ಹೋಟೆಲಿನಲ್ಲಿ ತಂಗುವ ಅವಧಿಯನ್ನು ವಿಮಾನ ಸಿಬ್ಬಂದಿಯಾದ ನಾವು ಲೇಓವರ್ ಎನ್ನುತ್ತೇವೆ. ಹೊರಗಿನವರಿಗೆ ಅದು ಸಂಬಳದ ಜೊತೆಗೆ ಸಿಕ್ಕ ಪ್ರವಾಸದಂತೆ ಕಾಣುತ್ತದೆ. ಬೆಂಗಳೂರಿನಿಂದ ಹೊರಡುವ ವಿಮಾನಗಳಲ್ಲಿ ಕ್ಯಾಬಿನ್ ಇನ್‌ಚಾರ್ಜ್ ಆಗಿ, ಅಂದರೆ ಪ್ರಯಾಣಿಕರನ್ನು ನೋಡಿಕೊಳ್ಳುವ ಸಿಬ್ಬಂದಿಯ ಮುಖ್ಯಸ್ಥೆಯಾಗಿ, ಕೆಲಸ ಮಾಡತೊಡಗಿದ ಮೇಲೆ ನನ್ನನ್ನು ಕಾಡಿದ ಪ್ರಶ್ನೆಗಳು ಬೇರೆಯೇ ಆಗಿದ್ದವು. ಆ ಹೊತ್ತಿನಲ್ಲಿ ನಮ್ಮಲ್ಲೊಬ್ಬರು ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಹಣ ಕಟ್ಟುವವರು ಯಾರು, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು, ಉಳಿದವರೆಲ್ಲ ವಿಮಾನ ಹತ್ತಿದ ಮೇಲೆ ರೋಗಿಯ ಪಕ್ಕದಲ್ಲಿ ಇರುವವರು ಯಾರು? ‘ವಿಮೆ ಇದೆಯಲ್ಲ’ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಈ ಮೂರು ಪ್ರಶ್ನೆಗಳಿಗೆ ಅದು ಉತ್ತರವಾಗಿರಲಿಲ್ಲ.

ಬ್ಯಾಂಕಾಕಿನಲ್ಲಿ ಒಮ್ಮೆ ನಮ್ಮ ತಂಡದ ಕಿರಿಯ ಹುಡುಗಿಯೊಬ್ಬಳಿಗೆ ಸಂಜೆ ಹೊಕ್ಕುಳ ಸುತ್ತ ಶುರುವಾದ ನೋವು ನಡುರಾತ್ರಿಯ ಹೊತ್ತಿಗೆ ಬಲಗಡೆಯ ಕೆಳಹೊಟ್ಟೆಗೆ ಇಳಿಯಿತು. ಥಾಯ್ಲೆಂಡಿನ ವೈದ್ಯಕೀಯ ತುರ್ತು ಸಂಖ್ಯೆ 1669ಕ್ಕೆ ಹೋಟೆಲಿನವರೇ ಕರೆ ಮಾಡಿದ್ದರಿಂದ ಭಾಷೆಯ ತೊಡಕಿಲ್ಲದೆ ಆಂಬುಲೆನ್ಸ್ ಬಂತು. ಅಪೆಂಡಿಸೈಟಿಸ್ ಎಂದು ಖಚಿತವಾದ ಮೇಲೆ ಆಸ್ಪತ್ರೆಯವರು ಕೇಳಿದ್ದು ಎರಡರಲ್ಲಿ ಒಂದು: ಮುಂಗಡ ಹಣ, ಇಲ್ಲವೇ ವಿಮಾ ಕಂಪನಿಯಿಂದ ಪಾವತಿಯ ಖಾತರಿ ಪತ್ರ. ಅವಳ ವಿಮಾ ಕಾರ್ಡಿನ ಮೇಲಿದ್ದುದು ಭಾರತದೊಳಗೆ ಮಾತ್ರ ಕೆಲಸ ಮಾಡುವ ಟೋಲ್ ಫ್ರೀ ಸಂಖ್ಯೆ. ಥಾಯ್ ಸಿಮ್‌ನಿಂದ ಅದಕ್ಕೆ ಕರೆಯೇ ಹೋಗಲಿಲ್ಲ. ಕೊನೆಗೆ ಸಹಪೈಲಟ್ ಒಬ್ಬರು ತಮ್ಮ ಕ್ರೆಡಿಟ್ ಕಾರ್ಡ್ ಕೊಟ್ಟರು. ‘ಮೇಡಂ, ಮನೆಗೆ ಈಗಲೇ ಹೇಳಬೇಡಿ, ಅಮ್ಮ ಗಾಬರಿ ಬೀಳ್ತಾರೆ’ ಎನ್ನುತ್ತಲೇ ಅವಳು ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ತಾನೇ ಸಹಿ ಹಾಕಿದಳು.

ಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ತೊಡಕು ಶುರುವಾದದ್ದು ಮರುದಿನ, ನಾವು ಹೊರಡಬೇಕಾದಾಗ. ಎಷ್ಟೋ ದೇಶಗಳಲ್ಲಿ ಸಿಬ್ಬಂದಿ ಪ್ರವೇಶ ಪಡೆಯುವುದು ಪ್ರವಾಸಿ ವೀಸಾದ ಮೇಲಲ್ಲ, ಜನರಲ್ ಡಿಕ್ಲರೇಷನ್ ಅಂದರೆ ನಾವು ಜಿ.ಡಿ. ಎನ್ನುವ ಸಿಬ್ಬಂದಿ ಪಟ್ಟಿಯ ಮೇಲೆ. ಬಂದ ತಂಡ ಹೊರಟು ಒಬ್ಬರು ಉಳಿದರೆ ಆ ವಿಷಯ ವಲಸೆ ಅಧಿಕಾರಿಗಳಿಗೆ ತಿಳಿಯಬೇಕು, ಮತ್ತು ಅದನ್ನು ಮಾಡಬೇಕಾದವರು ಆ ವಿಮಾನ ನಿಲ್ದಾಣದಲ್ಲಿರುವ ಕಂಪನಿಯ ಪ್ರತಿನಿಧಿ ಅಥವಾ ಕಂಪನಿಯ ಪರವಾಗಿ ಅಲ್ಲಿನ ನೆಲದ ಕೆಲಸ ನೋಡಿಕೊಳ್ಳುವ ಹ್ಯಾಂಡ್ಲಿಂಗ್ ಏಜೆನ್ಸಿಯವರು. ಅವಳನ್ನು ಹಿಂದಕ್ಕೆ ಕರೆತರುವುದೂ ಸುಲಭದ ಕೆಲಸವಾಗಿರಲಿಲ್ಲ. ಹಾರಾಟದಲ್ಲಿ ಕ್ಯಾಬಿನ್ನಿನೊಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಗಾಳಿಯ ಒತ್ತಡಕ್ಕೆ ಸಮನಾಗಿರುವುದರಿಂದ ಹೊಟ್ಟೆಯೊಳಗೆ ಉಳಿದ ಗಾಳಿ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗಬಹುದು. ಹೊಸ ಹೊಲಿಗೆಗೆ ಅದು ಒಳ್ಳೆಯದಲ್ಲ. ಹಾಗಾಗಿ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ‘ಮೆಡಿಫ್’ ಎಂಬ ಪ್ರಯಾಣ ಅರ್ಹತೆಯ ನಮೂನೆ ತುಂಬಿಕೊಟ್ಟ ಮೇಲೆ, ಅವಳು ಪ್ರಯಾಣಿಕಳಾಗಿ ಕುಳಿತು ಬಂದಳು.

ಊರಿಗೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಎಂದರೆ ನಮ್ಮ ಪಾಲಿಸಿಯ ಪೂರ್ಣ ಪ್ರತಿಯನ್ನು ಕೇಳಿ ಪಡೆದು ಓದಿದ್ದು. ಮಾನವ ಸಂಪನ್ಮೂಲ ವಿಭಾಗದವರು ಕೊಡುವ ಎರಡು ಪುಟದ ಸಾರಾಂಶದಲ್ಲಿ ಬೇಕಾದದ್ದು ಸಿಗುವುದಿಲ್ಲ. ನಮ್ಮ ಗುಂಪು ಆರೋಗ್ಯ ವಿಮೆ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಇತ್ತು, ಹೊರದೇಶದ ಚಿಕಿತ್ಸೆಗೆ ಬೇರೆಯದೇ ಪಾಲಿಸಿ ಇತ್ತು, ಮತ್ತು ಅದರಲ್ಲಿ ‘ಕರ್ತವ್ಯದ ಅವಧಿ’ ಎಂಬ ಪದಕ್ಕೆ ವ್ಯಾಖ್ಯೆ ಇರಲಿಲ್ಲ. ಹೋಟೆಲಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿರುವವಳು ಕರ್ತವ್ಯದಲ್ಲಿದ್ದಾಳೆಯೇ? ಊಟಕ್ಕೆಂದು ರಸ್ತೆ ದಾಟುವಾಗ ಬೈಕ್ ಗುದ್ದಿದರೆ? ಹೋಟೆಲಿನ ಈಜುಕೊಳದಲ್ಲಿ ಜಾರಿ ಬಿದ್ದರೆ? ಕಾನೂನಿನಲ್ಲಿಯೂ ಇದೇ ಗಂಟು ಇದೆ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ವಿಮಾನದ ಕ್ಯಾಪ್ಟನ್ ಮತ್ತು ಇತರ ಸಿಬ್ಬಂದಿಗೆಂದೇ 15ಎ ಎಂಬ ಕಲಮು ಇತ್ತು, ಆ ವಿಷಯವನ್ನು ಬಳಿಕ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ತರಲಾಯಿತು. ಆದರೆ ಗಾಯವು ಉದ್ಯೋಗದಿಂದಾಗಿ, ಉದ್ಯೋಗದ ಅವಧಿಯಲ್ಲಿ ಆಗಿರಬೇಕು ಎಂಬುದೇ ಪರಿಹಾರದ ಮೂಲ ಷರತ್ತು. ನೌಕರರ ರಾಜ್ಯ ವಿಮಾ ಯೋಜನೆಯಾದ ಇ.ಎಸ್.ಐ.ಗೆ ತಿಂಗಳಿಗೆ 21,000 ರೂಪಾಯಿ ಸಂಬಳದ ಮಿತಿ ಇರುವುದರಿಂದ ನಮ್ಮಲ್ಲಿ ಹೆಚ್ಚಿನವರು ಅದರ ವ್ಯಾಪ್ತಿಗೂ ಬರುವುದಿಲ್ಲ.

ಆದ್ದರಿಂದ ನಾನು ವಾದ ಮಾಡುವುದನ್ನು ಬಿಟ್ಟು, ಇಂಥ ಸಂದರ್ಭಗಳನ್ನೇ ಒಂದೊಂದಾಗಿ ಬರೆದು, ಪ್ರತಿಯೊಂದರಲ್ಲೂ ರಕ್ಷಣೆ ಇದೆಯೇ ಇಲ್ಲವೇ ಎಂದು ಇಮೇಲ್ ಮೂಲಕ ಕೇಳಿದೆ. ಬಾಯಿಮಾತಿನ ಭರವಸೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ನಡೆಯುವುದಿಲ್ಲ. ಉತ್ತರ ಬರಲು ಬಹಳ ಸಮಯ ಹಿಡಿಯಿತಾದರೂ, ಸೈನ್ ಆಫ್ ಅಂದರೆ ಡ್ಯೂಟಿ ಮುಗಿಯುವ ಹೊತ್ತಿನಿಂದ, ಪಿಕಪ್ ಅಂದರೆ ಮರಳುವ ವಿಮಾನಕ್ಕೆ ಹೋಟೆಲಿನಿಂದ ಕರೆದೊಯ್ಯಲು ವಾಹನ ಬರುವವರೆಗಿನ ಇಡೀ ಅವಧಿಗೆ ಚಿಕಿತ್ಸಾ ವೆಚ್ಚದ ರಕ್ಷಣೆ ಉಂಟು ಎಂಬ ಮಾತು ಬರವಣಿಗೆಯಲ್ಲಿ ಸಿಕ್ಕಿತು. ದೇಶದ ಕೋಡ್ ಸಹಿತ ಹೊರಗಿನಿಂದ ಕರೆ ಮಾಡಬಹುದಾದ ವಿಮಾ ಸಹಾಯವಾಣಿಯ ಸಂಖ್ಯೆಯೂ, ಪ್ರತಿ ಊರಿನಲ್ಲಿ ರಾತ್ರಿ ಫೋನ್ ಎತ್ತಬೇಕಾದ ವ್ಯಕ್ತಿಯ ಹೆಸರೂ ಜೊತೆಗೆ ಬಂದವು. ನನ್ನ ಲೆಕ್ಕದಲ್ಲಿ ಆ ಹೆಸರುಗಳ ಬೆಲೆ ವಿಮಾ ಮೊತ್ತಕ್ಕಿಂತ ಹೆಚ್ಚು.

ಎರಡನೆಯದಾಗಿ ಒಂದು ಹಾಳೆ ಸಿದ್ಧಪಡಿಸಿದೆ. ರಕ್ತದ ಗುಂಪು, ಒಗ್ಗದ ಔಷಧಿಗಳು, ದಿನವೂ ತೆಗೆದುಕೊಳ್ಳುವ ಮಾತ್ರೆ, ಪಾಲಿಸಿ ಸಂಖ್ಯೆ, ಮನೆಯವರಿಬ್ಬರ ದೂರವಾಣಿ, ಇಷ್ಟೇ. ಬ್ಯಾಂಕಾಕಿನ ಹುಡುಗಿಗೆ ಪ್ರಜ್ಞೆ ಇತ್ತು, ಸಹಿ ಹಾಕಿದಳು; ಪ್ರಜ್ಞೆ ಇಲ್ಲದಿದ್ದರೆ? 2016ರ ಮಾರ್ಚ್ 22ರಂದು ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ ಬಾಂಬ್ ಸ್ಫೋಟವಾದಾಗ ಗಾಯಗೊಂಡು ಕುರ್ಚಿಯ ಮೇಲೆ ಕುಳಿತಿದ್ದ ಜೆಟ್ ಏರ್‌ವೇಸ್‌ನ ಗಗನಸಖಿ ನಿಧಿ ಚಾಪೇಕರ್ ಅವರ ಚಿತ್ರವನ್ನು ಜಗತ್ತೆಲ್ಲ ನೋಡಿತು. ಕೆಲಸಕ್ಕೆಂದು ನಿಲ್ದಾಣಕ್ಕೆ ಬಂದಿದ್ದ ಅವರು ಬಳಿಕ ಹಲವು ದಿನ ಕೋಮಾದಲ್ಲಿದ್ದರು. ಹಾಳೆಯ ವಿಷಯಕ್ಕೆ ಕೆಲವರು ಹಿಂಜರಿದರು, ಅದು ನ್ಯಾಯವೂ ಹೌದು, ಏಕೆಂದರೆ ತಾನು ಯಾವ ಮಾತ್ರೆ ನುಂಗುತ್ತೇನೆ ಎಂಬುದು ಇನ್‌ಚಾರ್ಜ್‌ಗೆ ತಿಳಿಯಬೇಕಾದ ಸಂಗತಿಯಲ್ಲ. ಆದ್ದರಿಂದ ಪ್ರತಿಯೊಬ್ಬರೂ ಅದನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕೊಡುತ್ತಾರೆ, ನಾನು ತೆರೆಯದೆಯೇ ಬೆಂಗಳೂರಿನಲ್ಲಿ ಹಿಂದಿರುಗಿಸುತ್ತೇನೆ.

ಔಷಧಿಯ ಚೀಲದ ಬಗ್ಗೆ, ಹಾರಾಟಕ್ಕೆ ಮುನ್ನ ತಂಡ ಸೇರುವ ಬ್ರೀಫಿಂಗ್‌ನಲ್ಲಿ ತಪ್ಪದೆ ಹೇಳುತ್ತೇನೆ. ನಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ವೈದ್ಯರ ಚೀಟಿಯ ಮೇಲೆ ಸಿಗುವ ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳು ಯು.ಎ.ಇ.ಯಲ್ಲಿ ನಿಯಂತ್ರಿತ ಔಷಧಿಗಳು. ಶೀತಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿದ್ದರೆ ಜಪಾನಿಗೆ ಒಯ್ಯುವಂತಿಲ್ಲ. ದುಬೈನಲ್ಲಿರುವ ಅಕ್ಕನಿಗೆಂದು ಗಸಗಸೆ ಪೊಟ್ಟಣ ಒಯ್ಯಲು ಹೊರಟವರನ್ನೂ ನಾನು ತಡೆದಿದ್ದೇನೆ, ಅಲ್ಲಿ ಗಸಗಸೆಗೇ ನಿಷೇಧವಿದೆ, ಪಾಯಸಕ್ಕೆ ಎಂದರೆ ಯಾರೂ ಕೇಳುವುದಿಲ್ಲ. ಮದ್ಯಸಾರ ಇರುವ ಸಿರಪ್ಪು, ಮೌತ್‌ವಾಶ್‌ಗಳನ್ನು ದೇಶದ ವಿಮಾನಯಾನ ನಿಯಂತ್ರಕ ಡಿ.ಜಿ.ಸಿ.ಎ.ಯ ನಿಯಮವೇ ಬೇಡವೆನ್ನುತ್ತದೆ, ಸಿಬ್ಬಂದಿ ಕುಡಿದಿದ್ದಾರೆಯೇ ಎಂದು ನೋಡುವ ಉಸಿರಿನ ಪರೀಕ್ಷೆಯ ಯಂತ್ರಕ್ಕೆ ಅದು ಔಷಧಿಯೋ ವಿಸ್ಕಿಯೋ ತಿಳಿಯುವುದಿಲ್ಲ. ತುರ್ತು ಸಂಖ್ಯೆಯನ್ನು ಇಳಿಯುವ ಮುಂಚೆಯೇ ಫೋನಿನಲ್ಲಿ ಬರೆದುಕೊಳ್ಳಿ ಎನ್ನುತ್ತೇನೆ: ಆಂಬುಲೆನ್ಸಿಗೆ ಸಿಂಗಪುರದಲ್ಲಿ 995, ಯು.ಎ.ಇ.ಯಲ್ಲಿ 998, ಜಪಾನಿನಲ್ಲಿ 119, ಯುರೋಪಿನಲ್ಲಿ 112.

ಕೋಣೆಯ ಸುರಕ್ಷತೆ ಹೋಟೆಲಿನವರ ಕೆಲಸ ಎಂದುಕೊಳ್ಳುವವರಿಗೆ 2024ರ ಆಗಸ್ಟ್‌ನಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಏರ್ ಇಂಡಿಯಾದ ಸಿಬ್ಬಂದಿಯೊಬ್ಬರ ಕೋಣೆಗೆ ಆಗಂತುಕನೊಬ್ಬ ನುಗ್ಗಿ ಹಲ್ಲೆ ಮಾಡಿದ ಸುದ್ದಿಯನ್ನು ನೆನಪಿಸುತ್ತೇನೆ. ಕೋಣೆಯ ಸಂಖ್ಯೆಯನ್ನು ಗಟ್ಟಿಯಾಗಿ ಹೇಳದೆ ಬರೆದು ಕೊಡುವಂತೆ ರಿಸೆಪ್ಷನ್‌ಗೆ ಮೊದಲೇ ಹೇಳಿರುತ್ತೇವೆ. ನೆಲಮಹಡಿಯನ್ನು ಒಪ್ಪಿಕೊಳ್ಳುವುದಿಲ್ಲ, ಒಂದೇ ಮಹಡಿಯಲ್ಲಿ ಅಕ್ಕಪಕ್ಕದ ಕೋಣೆಗಳನ್ನು ಕೇಳುತ್ತೇವೆ. ಒಳಗೆ ಹೋಗುವಾಗ ಸೂಟ್‌ಕೇಸನ್ನು ಬಾಗಿಲಿಗೆ ಅಡ್ಡವಿಟ್ಟು, ಸ್ನಾನದ ಮನೆ, ಬಾಲ್ಕನಿ, ಪಕ್ಕದ ಕೋಣೆಗೆ ತೆರೆಯುವ ಬಾಗಿಲು ನೋಡಿದ ಬಳಿಕವೇ ಚಿಲಕ ಹಾಕುವುದು. ತುರ್ತು ಮೆಟ್ಟಿಲಿನವರೆಗೆ ಎಷ್ಟು ಬಾಗಿಲುಗಳಿವೆ ಎಂದು ಎಣಿಸಿಕೊಳ್ಳುವುದು, ಹೊಗೆ ತುಂಬಿದಾಗ ಕಣ್ಣಿಗೆ ಕೆಲಸವಿರುವುದಿಲ್ಲ. ಕೇಳದ ರೂಮ್ ಸರ್ವಿಸ್ ಬಂದರೆ ರಿಸೆಪ್ಷನ್‌ಗೆ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ಯಾರೂ ಬಾಗಿಲು ತೆರೆಯುವುದಿಲ್ಲ. ಪುರುಷ ಸಹೋದ್ಯೋಗಿಗಳಿಗೂ ಇದೇ ನಿಯಮ.

ಇಷ್ಟೆಲ್ಲ ಮಾಡಿದರೂ ಕಾಯಿಲೆ ಮುಚ್ಚಿಡುವ ಅಭ್ಯಾಸವನ್ನು ಬಿಡಿಸುವುದು ಕಷ್ಟ. ಪ್ರತಿ 50 ಆಸನಗಳಿಗೆ ಒಬ್ಬರಂತೆ ಕ್ಯಾಬಿನ್ ಸಿಬ್ಬಂದಿ ಇರಲೇಬೇಕು, ಅಂದರೆ 180 ಆಸನಗಳ ವಿಮಾನಕ್ಕೆ ಕನಿಷ್ಠ ನಾಲ್ಕು ಜನ. ಹೊರದೇಶದಲ್ಲಿ ನಾಲ್ವರಲ್ಲಿ ಒಬ್ಬರು ಮಲಗಿದರೆ ಬದಲಿ ಸಿಗುವುದಿಲ್ಲ, ವಿಮಾನ ತಡವಾಗುತ್ತದೆ, ಅದರ ಹೊಣೆ ತನ್ನ ಮೇಲೆ ಬರುತ್ತದೆ ಎಂಬ ಹೆದರಿಕೆಯಲ್ಲಿ ಮೂಗು ಕಟ್ಟಿದ್ದರೂ ಹುಡುಗಿಯರು ಹೇಳುವುದಿಲ್ಲ. ಮೂಗಿನಿಂದ ಕಿವಿಗೆ ಹೋಗುವ ನಾಳ ಕಟ್ಟಿಕೊಂಡಿದ್ದಾಗ ವಿಮಾನ ಇಳಿಯತೊಡಗಿದರೆ ಕಿವಿಯ ತಮಟೆ ಹರಿಯುವ ಅಪಾಯವಿದೆ, ಆಮೇಲೆ ವಾರಗಟ್ಟಲೆ ಕೆಲಸವೇ ಇಲ್ಲ. ಈಗ ನಾನು ಪಿಕಪ್‌ಗೆ ಕೆಲವು ಗಂಟೆಗಳ ಮುಂಚೆ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಕರೆ ಮಾಡುತ್ತೇನೆ; ಲಾಬಿಯಲ್ಲಿ ಎಲ್ಲರೆದುರು ಕೇಳಿದರೆ ‘ಚೆನ್ನಾಗಿದ್ದೀನಿ ಮೇಡಂ’ ಎಂಬ ಉತ್ತರವೇ ಬರುತ್ತದೆ. ಯಾರಾದರೂ ಆಗುವುದಿಲ್ಲ ಎಂದರೆ ವರದಿಯಲ್ಲಿ ಅದು ಇನ್‌ಚಾರ್ಜ್‌ನ ನಿರ್ಧಾರವೆಂದು ನನ್ನ ಹೆಸರಿನಲ್ಲೇ ದಾಖಲಾಗುತ್ತದೆ.

ಹಲ್ಲಿನ ಚಿಕಿತ್ಸೆಯೂ, ಹಲ್ಲೆ ಅಥವಾ ಅಪಘಾತದ ನಂತರ ಬೇಕಾಗುವ ಆಪ್ತಸಮಾಲೋಚನೆಯೂ ನಮ್ಮ ಪಾಲಿಸಿಯಲ್ಲಿ ಇನ್ನೂ ಸೇರಿಲ್ಲ. ಮುಂದಿನ ನವೀಕರಣಕ್ಕೆ ಮೊದಲು ಅವೆರಡನ್ನೂ ಸೇರಿಸಬೇಕೆಂದು ಬರೆದು ಕೊಟ್ಟಿದ್ದೇನೆ.