ಫಂಕ್ಷನ್ ಹೆಸರು ಅದೇ, ನಡವಳಿಕೆ ಬೇರೆ: ವರ್ಷನ್ ಬದಲಾವಣೆ ಬರೆದಿಡೋದು ಹೇಗೆ

ಲೈಬ್ರರಿ ಡಾಕ್ಯುಮೆಂಟೇಷನ್ ಬರಿಯೋರು ಸಾಮಾನ್ಯವಾಗಿ ಹೊಸದಾಗಿ ಏನ್ ಬಂತು, ಏನ್ ಹೋಯ್ತು ಅಷ್ಟು ಬರೆದು ಕೈ ತೊಳ್ಕೊಂಡ್ಬಿಡ್ತಾರೆ. ನಿಜ ಹೇಳ್ಬೇಕಂದ್ರೆ ತೆಗೆದುಹಾಕಿದ ಫಂಕ್ಷನ್ ಅಷ್ಟೇನೂ ಕಾಟ ಕೊಡಲ್ಲ, ಕಾಲ್ ಮಾಡಿದ ತಕ್ಷಣ ಕನ್ಸೋಲಲ್ಲಿ ಕೆಂಪಗೆ ಎರರ್ ಬರುತ್ತೆ, ಹುಡುಕಿ ಸರಿ ಮಾಡ್ಬಹುದು. ಕಾಟ ಕೊಡೋದು ಹೆಸರು ಹಾಗೇ ಇದ್ದು ಒಳಗಡೆ ಬದಲಾಗಿರೋ ಫಂಕ್ಷನ್ನು. ಜೆಕ್ವೆರಿ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿ ಇಟ್ಕೊಂಡೇ ಹೇಳ್ತೀನಿ, 2006ರಿಂದ ಇರೋದ್ರಿಂದ ಅದ್ರಲ್ಲಿ ಎಲ್ಲಾ ಥರದ ಬದಲಾವಣೆನೂ ಸಿಗುತ್ತೆ.

ಮೊದ್ಲು ಮೂರು ನಂಬರ್ ಬರೀರಿ: ಯಾವ ವರ್ಷನಲ್ಲಿ ಬಂತು, ಯಾವಾಗ ಡೆಪ್ರಿಕೇಟ್ ಆಯ್ತು, ಯಾವಾಗ ತೆಗೆದ್ರು. ಉದಾಹರಣೆಗೆ ಲೈವ್ (ಆಮೇಲೆ ಪೇಜಿಗೆ ಸೇರೋ ಎಲಿಮೆಂಟ್‌ಗಳ ಕ್ಲಿಕ್ಕನ್ನೂ ಹಿಡಿಯೋ ಫಂಕ್ಷನ್) ಬಂದಿದ್ದು 1.3ರಲ್ಲಿ, ಡೆಪ್ರಿಕೇಟ್ ಆಗಿದ್ದು 1.7, ಪೂರ್ತಿ ಹೋಗಿದ್ದು 1.9. ಡೆಪ್ರಿಕೇಟ್ ಅಂದ್ರೆ ಇನ್ನೂ ಕೆಲಸ ಮಾಡುತ್ತೆ, ಹೊಸ ಕೋಡಲ್ಲಿ ಬಳಸ್ಬೇಡಿ ಅಂತಷ್ಟೇ, ಇದನ್ನೂ ತೆಗೆದುಹಾಕಿದ್ದನ್ನೂ ಒಂದೇ ಸಾಲಲ್ಲಿ ಕಲಸಿಬಿಟ್ರೆ ಓದೋರಿಗೆ ತಲೆನೋವು.

ಆಮೇಲೆ ಬದಲಿ ಏನು ಅಂತ ಹೇಳ್ಬೇಕು, ಇಲ್ಲೇ ಸುಮಾರು ಜನ ಅರ್ಧಂಬರ್ಧ ಬರಿಯೋದು. "ಲೈವ್ ಬದಲು ಆನ್ ಬಳಸಿ" ಅಂತ ಬರೆದ್ರೆ ಓದೋರು ಹೆಸರೊಂದನ್ನ ಬದಲಾಯಿಸಿ ಸುಮ್ನಾಗ್ತಾರೆ, ಪೇಜ್ ಲೋಡ್ ಆದಾಗ ಇದ್ದ ಬಟನ್‌ಗಳೆಲ್ಲ ಸರಿಯಾಗೇ ಕೆಲಸ ಮಾಡುತ್ವೆ, ಆಮೇಲೆ ಸೇರಿಸಿದ ಬಟನ್ ಮಾತ್ರ ಕ್ಲಿಕ್ ಆಗಲ್ಲ, ಎರರೂ ಬರಲ್ಲ. ಯಾಕಂದ್ರೆ ಈಗ ಆನ್ ಕಾಲ್ ಮಾಡ್ಬೇಕಾಗಿರೋದು ಡಾಕ್ಯುಮೆಂಟ್ ಮೇಲೆ ಅಥವಾ ಮೊದಲಿಂದ ಇರೋ ಪೇರೆಂಟ್ ಮೇಲೆ, ಬಟನ್ನಿನ ಸೆಲೆಕ್ಟರ್ ಎರಡನೇ ಆರ್ಗ್ಯುಮೆಂಟ್ ಆಗಿ ಹೋಗ್ಬೇಕು. ಹಾಗಾಗಿ ಹಳೇ ಸಾಲು, ಹೊಸ ಸಾಲು ಎರಡನ್ನೂ ಪೂರ್ತಿಯಾಗಿ ಮೇಲೆ ಕೆಳಗೆ ಹಾಕಿ ತೋರ್ಸಿ.

ಇನ್ನೊಂದು, ಲೆಕ್ಕ ಇಡೋದು ಹೆಸರಿನ ಪ್ರಕಾರ ಅಲ್ಲ, ಸಿಗ್ನೇಚರ್ ಪ್ರಕಾರ, ಅಂದ್ರೆ ಯಾವ್ಯಾವ ಆರ್ಗ್ಯುಮೆಂಟ್ ತಗೊಳ್ಳುತ್ತೆ ಅನ್ನೋದ್ರ ಪ್ರಕಾರ. ಟಾಗಲ್ ಅಂತ ಎರಡಿತ್ತು: ಎರಡು ಫಂಕ್ಷನ್ ಕೊಟ್ರೆ ಕ್ಲಿಕ್ ಕ್ಲಿಕ್‌ಗೂ ಒಂದಾದ ಮೇಲೊಂದು ಓಡಿಸೋದು, ಮತ್ತೆ ಎಲಿಮೆಂಟನ್ನ ತೋರಿಸಿ ಮುಚ್ಚೋದು. 1.9ರಲ್ಲಿ ಹೋಗಿದ್ದು ಮೊದಲನೇದು ಮಾತ್ರ. "ಟಾಗಲ್ ತೆಗೆದಿದ್ದಾರೆ" ಅಂತ ಬರೆದ್ರೆ ಸುಳ್ಳು, "ಇದೆ" ಅಂದ್ರೂ ಸುಳ್ಳು.

ಈಗ ಅಸಲಿ ವಿಷಯ. ಎಲಿಮೆಂಟಿನ ಆಟ್ರಿಬ್ಯೂಟ್ ಓದೋ ಅಟ್ರ್ ಫಂಕ್ಷನ್‌ಗೆ ಚೆಕ್ಡ್ ಅಂತ ಕೊಟ್ಟು ಟಿಕ್ ಆಗಿರೋ ಚೆಕ್‌ಬಾಕ್ಸ್ ಕೇಳಿದ್ರೆ 1.6ಕ್ಕೆ ಮುಂಚೆ ಟ್ರೂ ಅನ್ನೋ ಬೂಲಿಯನ್ ಬರ್ತಿತ್ತು. 1.6ರಲ್ಲಿ ಚೆಕ್ಡ್ ಅನ್ನೋ ಸ್ಟ್ರಿಂಗ್ ಆಯ್ತು, ಅದೂ ಎಚ್‌ಟಿಎಂಎಲ್‌ನಲ್ಲಿ ಶುರುನಲ್ಲಿ ಏನಿತ್ತೋ ಅದು, ಯೂಸರ್ ಟಿಕ್ ತೆಗೆದ್ರೂ ಬದಲಾಗ್ತಿರ್ಲಿಲ್ಲ. 1.6.1ರಲ್ಲಿ ಮತ್ತೆ ಟಿಕ್ ಜೊತೆ ಬದಲಾಗೋ ಹಾಗೆ ಮಾಡಿದ್ರು, ಆದ್ರೆ ಸ್ಟ್ರಿಂಗ್ ಸ್ಟ್ರಿಂಗಾಗೇ ಉಳೀತು. ಎರಡೂ ರಿಲೀಸ್ 2011ರ ಮೇ ತಿಂಗಳಲ್ಲೇ! ಟ್ರೂಗೆ ಮೂರು ಈಕ್ವಲ್ ಹಾಕಿ ಹೋಲಿಸಿದ ಹಳೇ ಕೋಡ್ ಸದ್ದಿಲ್ಲದೆ ಫಾಲ್ಸ್ ಆಗೋಯ್ತು. ಇಂಥದ್ದನ್ನ ಪ್ಯಾರಾ ಬರೆದು ವಿವರಿಸೋಕೆ ಹೋಗ್ಬೇಡಿ, ಒಂದು ಟೇಬಲ್ ಹಾಕಿ: ವರ್ಷನ್, ಕೊಟ್ಟ ಇನ್‌ಪುಟ್, ಬಂದ ವ್ಯಾಲ್ಯೂ, ಅದರ ಟೈಪ್. ಟೈಪ್ ಕಾಲಂ ಬಿಡ್ಲೇಬೇಡಿ. ಕೊನೇ ಸಾಲಲ್ಲಿ 1.6ರಲ್ಲೇ ಬಂದ, ಈಗಿನ ಸ್ಥಿತಿನ ಟ್ರೂ ಇಲ್ಲಾ ಫಾಲ್ಸ್ ಅಂತ ಕೊಡೋ ಪ್ರಾಪ್ ಬಳಸಿ ಅಂತ ಹಾಕಿ. ಎಲಿಮೆಂಟಿನ ಅಗಲ ಕೊಡೋ ವಿಡ್ತ್ 3.0ರಿಂದ ದಶಮಾಂಶದಲ್ಲೂ ಬರಬಹುದು ಅನ್ನೋಂಥ ಸಣ್ಣವಕ್ಕೆ ಒಂದು ಸಾಲು ಸಾಕು.

ಇದೆಲ್ಲ ಎಲ್ಲಿ ಸಿಗುತ್ತೆ ಅಂದ್ರೆ, ರಿಲೀಸ್ ನೋಟ್ಸ್ ಒಂದನ್ನೇ ನಂಬ್ಬೇಡಿ. ಕೋಡಿನ ಇತಿಹಾಸ ತೋರಿಸೋ ಗಿಟ್ ಲಾಗ್ ಕಮಾಂಡ್‌ಗೆ ಕ್ಯಾಪಿಟಲ್ ಎಲ್ ಆಪ್ಷನ್ ಹಾಕಿ ಸಾಲಿನ ನಂಬರ್, ಫೈಲ್ ಹೆಸರು ಕೊಟ್ರೆ ಆ ಫಂಕ್ಷನ್ನಿನ ಜಾತಕವೇ ಬರುತ್ತೆ, ಸಿಕ್ಕಿದ ಕಮಿಟ್ ಯಾವ ರಿಲೀಸಿಗೆ ಸೇರಿದ್ದು ಅಂತ ಟ್ಯಾಗ್ ನೋಡಿ ಗೊತ್ತು ಮಾಡ್ಕೊಳ್ಳಿ. ಟೆಸ್ಟ್ ಫೈಲ್ ಡಿಫ್ ಇನ್ನೂ ಒಳ್ಳೇದು, ಹಳೇ ಟೆಸ್ಟಲ್ಲಿ ನಿರೀಕ್ಷಿಸಿದ ಉತ್ತರ ತಿದ್ದಿದ್ದಾರೆ ಅಂದ್ರೆ ಅಲ್ಲಿ ನಡವಳಿಕೆ ಬದಲಾಗಿದೆ ಅಂತಾನೇ ಲೆಕ್ಕ. ಟೇಬಲ್‌ಗೆ ಹಾಕೋ ವ್ಯಾಲ್ಯೂಗಳನ್ನ ಮಾತ್ರ ಆಯಾ ವರ್ಷನ್ ಲೋಡ್ ಮಾಡಿ ಕನ್ಸೋಲಲ್ಲಿ ಓಡಿಸಿಯೇ ಬರೀರಿ.

ಬರೆದಿದ್ದನ್ನ ಫಂಕ್ಷನ್ನಿನ ಪೇಜಲ್ಲೇ ಹಾಕಿ, ಬರೀ ಚೇಂಜ್‌ಲಾಗಲ್ಲಿ ಹಾಕಿದ್ರೆ ಯಾರೂ ನೋಡಲ್ಲ, ಜನ ಗೂಗಲಿಂದ ನೇರ ಆ ಪೇಜಿಗೇ ಬಂದಿಳಿಯೋದು. ಎಲ್ಲಾನೂ ಒಟ್ಟಿಗೆ ಬರಿಯೋಕೆ ಟೈಮ್ ಇಲ್ವಾ, ನಿಮ್ಮ ಪ್ರಾಜೆಕ್ಟಿಗೆ ಜೆಕ್ವೆರಿ ಮೈಗ್ರೇಟ್ ಪ್ಲಗಿನ್ನಿನ ಡೆವಲಪ್‌ಮೆಂಟ್ ಬಿಲ್ಡ್ ಸೇರಿಸಿ ಕನ್ಸೋಲ್ ನೋಡಿ, ಯಾವ್ಯಾವುದಕ್ಕೆ ವಾರ್ನಿಂಗ್ ಬರುತ್ತೋ ಅವನ್ನ ಮೊದ್ಲು ಬರೀರಿ.